ತೂಕ ಇಳಿಸುವ ಆಪರೇಷನ್ ಆದಮೇಲೆ ಹೋಟೆಲ್ ಊಟ: ದಾವಣಗೆರೆಯವರಿಗೊಂದು ಸಮಗ್ರ ಮಾರ್ಗದರ್ಶಿ

ತೂಕ ಇಳಿಸುವ ಆಪರೇಷನ್ ಮಾಡಿಸಿಕೊಂಡವರು ನನಗೆ ಫೋನ್ ಮಾಡಿದಾಗ ಮೊದಲು ಪಥ್ಯದ ಬಗ್ಗೆ ಕೇಳುತ್ತಾರೆ. ಎರಡನೇ ಪ್ರಶ್ನೆ ಸ್ವಲ್ಪ ತಡೆದು ಬರುತ್ತದೆ: "ಅಕ್ಕಾ, ಇನ್ಮೇಲೆ ಹೊರಗೆ ತಿನ್ನೋದು ಮುಗೀತಾ?" ದಾವಣಗೆರೆಯಂಥ ಊರಿನಲ್ಲಿ ಈ ಪ್ರಶ್ನೆ ಚಿಕ್ಕದಲ್ಲ. ಇಲ್ಲಿ ನೆಂಟರು ಬಂದರೆ ಬೆಣ್ಣೆ ದೋಸೆ, ಸಂಜೆ ಗೆಳತಿಯರು ಸಿಕ್ಕರೆ ಮಂಡಕ್ಕಿ ಮಿರ್ಚಿ, ಮದುವೆ ಮಾತುಕತೆಗೂ ಹೋಟೆಲ್ ಟೇಬಲ್ಲೇ ಬೇಕು. ಹೋಟೆಲ್ ಬಿಟ್ಟರೆ ಜನರೇ ಬಿಟ್ಟುಹೋಗುತ್ತಾರೆ.

ಮುಗಿಯುವುದಿಲ್ಲ. ನನ್ನದು ಸ್ಲೀವ್ ಆಪರೇಷನ್, ಆಗಿ ನಾಲ್ಕು ವರ್ಷವಾಯಿತು. ಈಗಲೂ ತಿಂಗಳಿಗೆ ಮೂರು ನಾಲ್ಕು ಸಲ ಹೊರಗೆ ತಿನ್ನುತ್ತೇನೆ. ಎಲ್ಲರೂ ಏನು ತಿನ್ನಬಹುದು, ಏನು ತಿನ್ನಬಾರದು ಎಂಬ ಪಟ್ಟಿ ಕೇಳುತ್ತಾರೆ. ಪಟ್ಟಿ ಬೇಕೇ ಬೇಕು, ಮುಂದೆ ಕೊಡುತ್ತೇನೆ. ಆದರೆ ನಾನು ಕಷ್ಟಪಟ್ಟಿದ್ದೆಲ್ಲ ಅವಸರದಿಂದ. ಹೋಟೆಲು ಓಡುವ ವೇಗವೇ ಬೇರೆ, ನಮ್ಮ ಹೊಸ ಹೊಟ್ಟೆಯ ವೇಗವೇ ಬೇರೆ. ಅದಕ್ಕೇ ಈ ಬರಹದಲ್ಲಿ ಗಡಿಯಾರದ ಮಾತು ಮತ್ತೆ ಮತ್ತೆ ಬರುತ್ತದೆ.

ಒಳಗೆ ಏನಾಗಿದೆ ಅಂತ ಮೊದಲು ತಿಳಿದುಕೊಳ್ಳಿ

ಸ್ಲೀವ್‌ನಲ್ಲಿ ಜಠರದ ಸುಮಾರು ಶೇಕಡಾ 75ರಿಂದ 80ರಷ್ಟನ್ನು ತೆಗೆದು, ಬಾಳೆಹಣ್ಣಿನ ಆಕಾರದ ಒಂದು ನಳಿಕೆ ಉಳಿಸುತ್ತಾರೆ. ತೂಕ ಇಳಿಸುವ ಇನ್ನೊಂದು ಬಗೆಯ ಆಪರೇಷನ್ ಬೈಪಾಸ್. ಅದರಲ್ಲಿ ಜಠರದ ಮೇಲ್ತುದಿಯಲ್ಲಿ ಸುಮಾರು 30 ಮಿಲಿ ಹಿಡಿಯುವ ಪುಟ್ಟ ಚೀಲ ಮಾಡಿ, ಅದನ್ನು ನೇರವಾಗಿ ಸಣ್ಣ ಕರುಳಿಗೆ ಜೋಡಿಸುತ್ತಾರೆ. 30 ಮಿಲಿ ಅಂದರೆ ಎರಡು ದೊಡ್ಡ ಚಮಚ. ಕಾಲ ಕಳೆದಂತೆ ಸ್ವಲ್ಪ ಹಿಗ್ಗುತ್ತದೆ, ಮೊದಲಿನಂತೆ ಮಾತ್ರ ಆಗುವುದಿಲ್ಲ.

ಇಷ್ಟು ಚಿಕ್ಕ ಜಾಗದಲ್ಲಿ ದಿನಕ್ಕೆ 60ರಿಂದ 80 ಗ್ರಾಂ ಪ್ರೊಟೀನ್ ಹೋಗಬೇಕು, ಒಂದೂವರೆಯಿಂದ ಎರಡು ಲೀಟರ್ ನೀರೂ ಹೋಗಬೇಕು. ಪ್ರೊಟೀನ್ ಕಡಿಮೆಯಾದರೆ ಕೊಬ್ಬಿನ ಜೊತೆ ಮೈಯ ಮಾಂಸಖಂಡವೂ ಕರಗುತ್ತದೆ, ಕೂದಲು ಉದುರುವುದೂ ಜಾಸ್ತಿಯಾಗುತ್ತದೆ. ತಟ್ಟೆಯಲ್ಲಿ ಮೊದಲ ತುತ್ತು ಯಾವುದು ಅನ್ನುವುದಕ್ಕೆ ಇಷ್ಟು ಬೆಲೆ ಇರುವುದು ಇದರಿಂದಲೇ. ಜಾಗ ತುಂಬುವ ಮೊದಲು ಬೇಕಾದ್ದು ಒಳಗೆ ಹೋಗಿರಬೇಕು.

ತಿಂಗಳು ಎಣಿಸಿ

ಸಾಮಾನ್ಯವಾಗಿ ಮೊದಲ ಎರಡು ವಾರ ದ್ರವಾಹಾರ, ಆಮೇಲೆ ಎರಡು ವಾರ ನುಣ್ಣಗೆ ಅರೆದದ್ದು, ಆರರಿಂದ ಎಂಟು ವಾರದವರೆಗೆ ಮೆತ್ತನೆಯದು. ಲೆಕ್ಕ ಆಸ್ಪತ್ರೆಯಿಂದ ಆಸ್ಪತ್ರೆಗೆ ಒಂದಿಷ್ಟು ಬದಲಾಗುತ್ತದೆ, ನಿಮ್ಮ ಡಾಕ್ಟರು ಕೊಟ್ಟ ಚೀಟಿಯೇ ಕೊನೆಯ ಮಾತು. ಈ ಎರಡು ತಿಂಗಳು ಹೋಟೆಲಿಗೆ ತಿನ್ನಲು ಹೋಗಬೇಡಿ. ಜೊತೆಗೆ ಕೂರಲೇಬೇಕಾದರೆ ಮನೆಯಲ್ಲಿ ನಿಮ್ಮದು ಮುಗಿಸಿಕೊಂಡು ಹೋಗಿ ಸುಮ್ಮನೆ ಕೂತು ಬನ್ನಿ. ವಾಸನೆ ತಡೆಯಲು ಆಗುವುದಿಲ್ಲ ಅನ್ನಿಸಿದರೆ ಅದನ್ನೂ ಬಿಡಿ, ತಪ್ಪೇನಿಲ್ಲ.

ಎರಡು ತಿಂಗಳು ಕಳೆದು ಡಾಕ್ಟರು ಹೂಂ ಅಂದ ಮೇಲೆ ಮೊದಲ ಸಲಕ್ಕೆ ಇಡ್ಲಿ ಒಳ್ಳೆಯದು. ದೋಸೆಗೆ ಇನ್ನೊಂದು ತಿಂಗಳು ತಾಳಿ ಅನ್ನುವುದು ನನ್ನ ಸಲಹೆ.

ಮನೆ ಬಿಡುವ ಮುಂಚೆ

ಹಸಿದುಕೊಂಡು ಹೋಗಬೇಡಿ. ಹಳೆಯ ರೂಢಿಯಲ್ಲಿ ನಾವು ಮಧ್ಯಾಹ್ನ ಬಿಟ್ಟು ರಾತ್ರಿ ಹೋಟೆಲಿನಲ್ಲಿ ಚೆನ್ನಾಗಿ ತಿನ್ನುತ್ತಿದ್ದೆವು. ಈಗ ಹಸಿದ ಹೊಟ್ಟೆ ಅಂದರೆ ದೊಡ್ಡ ತುತ್ತು, ಬೇಗ ಬೇಗ ನುಂಗುವುದು, ಆಮೇಲೆ ನೋವು. ಹೋಗುವ ಎರಡು ಗಂಟೆ ಮೊದಲು ಒಂದು ಬೇಯಿಸಿದ ಮೊಟ್ಟೆ ತಿನ್ನಿ, ಅದರಲ್ಲಿ 6 ಗ್ರಾಂ ಪ್ರೊಟೀನ್ ಇದೆ. ಮೊಟ್ಟೆ ತಿನ್ನದವರು 50 ಗ್ರಾಂ ಪನೀರ್ ತಿಂದರೆ ಸುಮಾರು 9 ಗ್ರಾಂ ಸಿಗುತ್ತದೆ. ಹೋಟೆಲಿನಲ್ಲಿ ಏನೇ ಎಡವಟ್ಟಾದರೂ ಅಷ್ಟು ನಿಮ್ಮ ಲೆಕ್ಕಕ್ಕೆ ಸೇರಿರುತ್ತದೆ.

ನೀರು ಕುಡಿಯುವುದನ್ನು ಊಟಕ್ಕೆ ಅರ್ಧ ಗಂಟೆ ಮುಂಚೆ ನಿಲ್ಲಿಸಿ. ಚೀಲದಲ್ಲಿ ಒಂದು ಪುಟ್ಟ ಸ್ಟೀಲ್ ಡಬ್ಬಿ, ಮಕ್ಕಳಿಗೆ ತಿನ್ನಿಸುವ ಚಿಕ್ಕ ಚಮಚ, ನೀರಿನ ಬಾಟಲಿ ಇಟ್ಟುಕೊಳ್ಳಿ. ಜೊತೆಗೆ ಬರುವವರಲ್ಲಿ ಒಬ್ಬರಿಗಾದರೂ ಮೊದಲೇ ಹೇಳಿಡಿ: "ನಾನು ಮಧ್ಯದಲ್ಲಿ ಎದ್ದು ಹೋದರೆ ಗಾಬರಿ ಆಗಬೇಡ, ನನ್ನ ತಟ್ಟೆಗೆ ಏನೂ ಹಾಕಿಸಬೇಡ." ನನಗೆ ಆ ಒಬ್ಬಳು ನನ್ನ ನಾದಿನಿ. ಸಪ್ಲೈಯರ್ ನನ್ನ ಕಡೆ ತಿರುಗುವ ಮೊದಲೇ ಅವಳ ಕೈ ಅಡ್ಡ ಬಂದಿರುತ್ತದೆ.

ಯಾವ ಹೊತ್ತು, ಯಾವ ಕುರ್ಚಿ

ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ ಇದು. ಭಾನುವಾರ ಬೆಳಿಗ್ಗೆ ಎಂಟರಿಂದ ಹತ್ತರವರೆಗೆ ನಮ್ಮ ದೋಸೆ ಹೋಟೆಲುಗಳು ಹೇಗಿರುತ್ತವೆ ಅಂತ ಎಲ್ಲರಿಗೂ ಗೊತ್ತು. ಕೂತವರ ಕುರ್ಚಿಗೆ ಆತುಕೊಂಡೇ ಮುಂದಿನವರು ನಿಂತಿರುತ್ತಾರೆ.

ಆಪರೇಷನ್ ಆಗಿ ಮೂರು ತಿಂಗಳು ತುಂಬಿದ ಮೇಲೆ ಅಂಥದೇ ಒಂದು ಭಾನುವಾರ ಮೈದುನನ ಮಕ್ಕಳ ಜೊತೆ ಹೋಗಿದ್ದೆ. ಹಿಂದೆ ನಾಲ್ಕು ಜನ ನಿಂತಿದ್ದರು, ಒಬ್ಬ ಅಜ್ಜ ಕೋಲೂರಿಕೊಂಡು ಕಾಯುತ್ತಿದ್ದರು. ಅವರನ್ನು ನಿಲ್ಲಿಸಿದ್ದೇನಲ್ಲ ಅಂತ ಬೇಗ ಬೇಗ ತಿಂದೆ. ನಾಲ್ಕನೇ ತುತ್ತು ಎದೆಯ ನಡುವೆ ಕಲ್ಲಿನ ಹಾಗೆ ಕೂತಿತು. ಇಳಿಯಲಿ ಅಂತ ನೀರು ಕುಡಿದೆ, ಇನ್ನೂ ಬಿಗಿಯಿತು. ಮೂಗಿನಲ್ಲಿ ನೀರು, ಬಾಯಿ ತುಂಬ ಜೊಲ್ಲು, ಕೊನೆಗೆ ನೊರೆನೊರೆಯಾಗಿ ವಾಂತಿ. ಮಕ್ಕಳು ಹೆದರಿಹೋದರು. ಆಮೇಲೆ ಎರಡು ತಿಂಗಳು ನಾನು ಯಾವ ಹೋಟೆಲಿನ ಮೆಟ್ಟಿಲೂ ಹತ್ತಲಿಲ್ಲ. ದೋಸೆಯ ತಪ್ಪು ಏನೂ ಇರಲಿಲ್ಲ, ಅದೇ ದೋಸೆಯನ್ನು ಈಗ ಆರಾಮಾಗಿ ತಿನ್ನುತ್ತೇನೆ.

ಹಾಗಾಗಿ ವಾರದ ದಿನ ಹೋಗಿ, ಬೆಳಗಿನ ಜನ ಕರಗಿದ ಮೇಲೆ, ಹತ್ತೂವರೆ ಹನ್ನೊಂದರ ಹೊತ್ತಿಗೆ. ಊಟವಾದರೆ ಹನ್ನೆರಡೂವರೆಯ ಒಳಗೆ, ಇಲ್ಲವೇ ಎರಡೂವರೆ ಆದಮೇಲೆ. ಗೋಡೆಗೆ ಬೆನ್ನು ಕೊಟ್ಟು ಕೂರಿ, ಹಿಂದೆ ಯಾರೂ ನಿಲ್ಲಲಾರರು. ಕೈ ತೊಳೆಯುವ ಜಾಗ ನಾಲ್ಕು ಹೆಜ್ಜೆಯಲ್ಲಿರಲಿ. ಫ್ಯಾಮಿಲಿ ರೂಮ್ ಇದ್ದರೆ ನಾಚಿಕೆ ಇಲ್ಲದೆ ಕೇಳಿ.

ಕೂತ ಮೇಲೆ ಇಪ್ಪತ್ತರಿಂದ ಮೂವತ್ತು ನಿಮಿಷ ನಿಮ್ಮದು. ತುತ್ತು ಹೆಬ್ಬೆರಳ ಉಗುರಿನಷ್ಟು. ಇಪ್ಪತ್ತು ಸಲವಾದರೂ ಅಗಿದು, ನುಂಗಿ, ಚಮಚ ಕೆಳಗಿಟ್ಟು, ಒಂದು ನಿಮಿಷ ಮಾತಾಡಿ. ಮೊದಲ ಆರು ತಿಂಗಳು ನನಗೆ ಚಮಚವೇ ಸರಿಹೋಯಿತು. ಆಮೇಲೆ ಕೈಗೆ ಮರಳಿದೆ. ತುತ್ತು ಎಷ್ಟು ಮೆತ್ತಗಿದೆ, ಎಷ್ಟು ಬಿಸಿ ಇದೆ ಅಂತ ಬೆರಳಿಗೆ ಮೊದಲೇ ತಿಳಿಯುತ್ತದೆ.

ಸಾಕಾಯಿತು ಅಂತ ಹೊಟ್ಟೆ ಈಗ ಬೇರೆ ಭಾಷೆಯಲ್ಲಿ ಹೇಳುತ್ತದೆ. ಒಂದು ಬಿಕ್ಕಳಿಕೆ, ಮೂಗಿನಲ್ಲಿ ಸಣ್ಣಗೆ ನೀರು, ತಾನಾಗಿ ಬರುವ ದೀರ್ಘ ಉಸಿರು, ಕೆಲವರಿಗೆ ಸೀನು. ನನಗೆ ಬಿಕ್ಕಳಿಕೆ. ಅದು ಬಂದ ಮೇಲೆ ಒಂದು ತುತ್ತೂ ಹೆಚ್ಚಿಗೆ ಬೇಡ. "ಇದೊಂದೇ" ಅನ್ನುವ ಆ ಕೊನೆಯ ತುತ್ತೇ ವಾಂತಿಗೆ ದಾರಿ.

ನೀರಿನ ಲೋಟ

ಕೂತ ತಕ್ಷಣ ಟೇಬಲ್ಲಿಗೆ ಮೊದಲು ಬರುವುದು ನೀರು. ನಮಗರಿವಿಲ್ಲದೆ ಕೈ ಅದರ ಕಡೆ ಹೋಗುತ್ತದೆ. ಊಟದ ಜೊತೆ ಕುಡಿದರೆ ಇದ್ದ ಜಾಗವನ್ನು ನೀರೇ ತುಂಬಿ ಪ್ರೊಟೀನಿಗೆ ಎಡೆ ಉಳಿಯುವುದಿಲ್ಲ, ಇಲ್ಲವೇ ತಿಂದದ್ದನ್ನು ಬೇಗ ಕೆಳಗೆ ಸಾಗಿಸಿ ಮತ್ತೆ ಹಸಿವು ತರುತ್ತದೆ. ಲೋಟವನ್ನು ಎದುರಿನವರ ಕಡೆ ಸರಿಸಿಬಿಡಿ. ಊಟ ಮುಗಿದ ಅರ್ಧ ಗಂಟೆ ಮೇಲೆ ಗುಟುಕು ಗುಟುಕಾಗಿ ಕುಡಿಯಿರಿ. ಮಜ್ಜಿಗೆ, ಸೂಪು, ತಿಳಿ ಸಾರು ಎಲ್ಲಕ್ಕೂ ಇದೇ ನಿಯಮ. ಸೋಡಾ ಮತ್ತು ಗ್ಯಾಸ್ ತುಂಬಿದ ಪಾನೀಯ ಬೇಡವೇ ಬೇಡ. ಮದ್ಯ ಆಪರೇಷನ್ ಆದಮೇಲೆ ಬೇಗ ತಲೆಗೇರುತ್ತದೆ, ಅದರ ಚಟ ಅಂಟುವ ಅಪಾಯವೂ ಹೆಚ್ಚು. ಏಪ್ರಿಲ್ ಬಿಸಿಲಿನಲ್ಲಿ ಕಬ್ಬಿನ ಹಾಲಿನ ಗಾಡಿ ಕಂಡರೆ ದಾಟಿ ಮುಂದೆ ಹೋಗಿ. ಎಳನೀರನ್ನು ನಿಧಾನಕ್ಕೆ ಕುಡಿಯಬಹುದು.

ಬೆಣ್ಣೆ ದೋಸೆಯ ಮುಂದೆ

ನಮ್ಮ ದೋಸೆಯ ಹಿಟ್ಟಿಗೆ ಅಕ್ಕಿ, ಉದ್ದಿನ ಜೊತೆ ಮಂಡಕ್ಕಿಯೂ ಬೀಳುತ್ತದೆ. ಅದಕ್ಕೇ ಅಂಚು ಗರಿಗರಿ, ನಡು ಮೆತ್ತಗೆ. ಆಪರೇಷನ್ ಆದವರಿಗೆ ಈ ನಡುವೇ ತೊಂದರೆ. ಮೆತ್ತನೆಯ ಹಿಟ್ಟಿನ ಪದಾರ್ಥ ಬಾಯಲ್ಲಿ ಉಂಡೆಗಟ್ಟಿ ಹಾಗೇ ಜಾರುತ್ತದೆ, ಒಳಗೆ ಹೋಗಿ ಸಿಕ್ಕಿಕೊಳ್ಳುತ್ತದೆ. ಗರಿಯಾದದ್ದು ಅಗಿದಾಗ ಪುಡಿಯಾಗುತ್ತದೆ. ಹಾಗಾಗಿ "ತೆಳ್ಳಗೆ, ಗರಿಗರಿಯಾಗಿ, ಬೆಣ್ಣೆ ಕಮ್ಮಿ ಹಾಕಿ" ಅಂತ ಹೇಳಿ, ಅಂಚಿನಿಂದ ಶುರು ಮಾಡಿ.

ಬೆಣ್ಣೆಯನ್ನು ಪೂರ್ತಿ ಬಿಡಿ ಅಂತ ನಾನು ಹೇಳಲಾರೆ, ಬೆಣ್ಣೆ ಇಲ್ಲದ ಬೆಣ್ಣೆ ದೋಸೆಗೆ ದಾವಣಗೆರೆಯವರೆಗೆ ಯಾಕೆ ಬರಬೇಕು? ಆದರೆ ಒಂದು ದೊಡ್ಡ ಚಮಚ ಬೆಣ್ಣೆಯಲ್ಲಿ ಸುಮಾರು 100 ಕ್ಯಾಲರಿ ಇದೆ. ಬೈಪಾಸ್ ಆದವರಿಗೆ ಕೊಬ್ಬು ಹೆಚ್ಚಾದರೆ ಹೊಟ್ಟೆ ತೊಳಸುವುದು, ಭೇದಿ ಆಗುವುದು ಉಂಟು. ಬೆಣ್ಣೆ ಪಕ್ಕಕ್ಕೆ ಇಡಲು ಹೇಳಿ, ಬೆರಳ ತುದಿಯಷ್ಟು ಸವರಿಕೊಂಡು ತಿನ್ನಿ. ಆಲೂಗಡ್ಡೆ ಪಲ್ಯ ಒಂದು ಚಮಚ ಸಾಕು.

ದೋಸೆಯನ್ನು ಊಟವೆಂದು ಎಣಿಸಬೇಡಿ, ರುಚಿ ಎಂದು ಎಣಿಸಿ. ಪ್ರೊಟೀನನ್ನು ಮನೆಯಲ್ಲೇ ಮುಗಿಸಿಕೊಂಡು ಬಂದಿದ್ದರೆ ಕಾಲು ದೋಸೆಯನ್ನು ನೆಮ್ಮದಿಯಾಗಿ ತಿನ್ನಬಹುದು. ಆರನೇ ತಿಂಗಳಲ್ಲಿ ನನಗೆ ಕಾಲು ಸಾಕಾಗುತ್ತಿತ್ತು, ಈಗ ಅರ್ಧ. ದೋಸೆ ಬಂದ ಕೂಡಲೇ, ಒಂದು ತುತ್ತನ್ನೂ ಮುರಿಯುವ ಮೊದಲು, ಉಳಿದ ಭಾಗವನ್ನು ಜೊತೆಗಿದ್ದವರ ತಟ್ಟೆಗೋ ಡಬ್ಬಿಗೋ ಹಾಕಿಬಿಡಿ. ಕಣ್ಣ ಮುಂದೆ ಇದ್ದರೆ ಕೈ ಸುಮ್ಮನಿರುವುದಿಲ್ಲ. ಬೈಟು ಕಾಫಿಯ ಹಾಗೆ ದೋಸೆಗೂ "ಇಬ್ಬರಿಗೆ ಒಂದು, ಖಾಲಿ ಪ್ಲೇಟ್ ಇನ್ನೊಂದು" ಅಂದರೆ ಯಾರೂ ಬೇಡ ಅನ್ನುವುದಿಲ್ಲ.

ಇಡ್ಲಿ ತಗೊಂಡರೆ ಒಂದೇ ಒಂದು. "ತಳದಿಂದ ಬೇಳೆ ಬರೋ ಹಾಗೆ ಸಾಂಬಾರ್ ಹಾಕಿ" ಅಂತ ಹೇಳಿ, ಅದ್ದಿಕೊಂಡು ತಿನ್ನಿ, ಸಾಂಬಾರನ್ನು ಕುಡಿಯಬೇಡಿ. ವಡೆ ಬಿಡಿ.

ಖಾನಾವಳಿಯೇ ನಮಗೆ ಅನುಕೂಲ

ಜೋಳದ ರೊಟ್ಟಿ ಅಂದಕೂಡಲೇ ಹಲವರು ಹೆದರುತ್ತಾರೆ. ಆದರೆ ನನ್ನ ಅನುಭವದಲ್ಲಿ ನಮ್ಮ ಕಡೆ ಹೊಸ ಹೊಟ್ಟೆಗೆ ಹೊಂದುವ ಊಟ ಖಾನಾವಳಿಯ ತಟ್ಟೆಯಲ್ಲೇ ಹೆಚ್ಚು. ಹೆಸರುಕಾಳು ಪಲ್ಯ, ಮಡಿಕೆಕಾಳು ಪಲ್ಯ, ಕಡಲೆಹಿಟ್ಟಿನ ಜುಣಕ, ಶೇಂಗಾ ಚಟ್ನಿ, ಗಟ್ಟಿ ಮೊಸರು, ಎಲ್ಲದರಲ್ಲೂ ಪ್ರೊಟೀನ್ ಇದೆ. ಅರ್ಧ ಬಟ್ಟಲು ಬೆಂದ ಕಾಳಿನಲ್ಲಿ ಏಳು ಗ್ರಾಂ ಆಸುಪಾಸು ಸಿಗುತ್ತದೆ.

ತಿನ್ನುವ ಕ್ರಮವನ್ನು ಮಾತ್ರ ತಿರುಗಿಸಬೇಕು. ಮೊದಲು ಕಾಳು ಪಲ್ಯ, ಜುಣಕ. ಆಮೇಲೆ ಮೊಸರಿಗೆ ಶೇಂಗಾ ಚಟ್ನಿ ಕಲಸಿ ಎರಡು ಮೂರು ಚಮಚ. ಎಣ್ಣೆಗಾಯಿಯಾದರೆ ಬದನೆಕಾಯಿಯ ತಿರುಳನ್ನಷ್ಟೇ ಎತ್ತಿಕೊಂಡು ಎಣ್ಣೆ ಬಿಡಿ. ಜಾಗ ಉಳಿದರೆ ರೊಟ್ಟಿ, ಅದೂ ಬಿಸಿ ರೊಟ್ಟಿಯ ಒಂದು ತುಂಡು. ಖಡಕ್ ರೊಟ್ಟಿ ಇದ್ದರೆ ಮುರಿದು ಮೊಸರಿನಲ್ಲೋ ಬೇಳೆಯಲ್ಲೋ ನೆನೆಸಿ. ಅನ್ನದವರೆಗೆ ನಾನು ಹೋದದ್ದೇ ಅಪರೂಪ. ಹಸಿಮೆಣಸಿನ ಚಟ್ನಿ ದೂರ ಇರಲಿ, ಸ್ಲೀವ್ ಆದವರಲ್ಲಿ ಎದೆಯುರಿ, ಹುಳಿತೇಗು ಸಾಮಾನ್ಯ.

ಬಡಿಸುವ ಅಮ್ಮನಿಗೆ ಮೊದಲೇ ಹೇಳಿ: "ಹೊಟ್ಟೆ ಆಪರೇಷನ್ ಆಗಿದೆ ಅಕ್ಕಾ, ಒಂದೊಂದೇ ಚಮಚ ಹಾಕ್ರಿ, ಬೇಕಾದ್ರೆ ನಾನೇ ಕೇಳ್ತೀನಿ." ನನಗೆ ಯಾವತ್ತೂ ಯಾರೂ ಬೇಜಾರು ಮಾಡಿಕೊಂಡಿಲ್ಲ. ಒಬ್ಬರಂತೂ ಮುಂದಿನ ಸಲ ಹೋದಾಗ ಕೇಳದೆಯೇ ಕಾಳು ಪಲ್ಯವನ್ನು ಮೆತ್ತಗೆ ಹಿಸುಕಿ ತಂದಿಟ್ಟರು.

ಉತ್ತರ ಭಾರತದ ಊಟ ಸಿಗುವ ಹೋಟೆಲಾದರೆ ದಾಲ್, ಪನೀರ್ ತುಂಡುಗಳು. ನಾನ್ ಬೇಡ, ಅದು ಅಂಟು. ಮಾಂಸ ತಿನ್ನುವವರಿಗೆ ಮೀನು, ಮೊಟ್ಟೆ, ಖೀಮಾ ಸುಲಭ. ಒಣಗಿದ ಕೋಳಿ ತುಂಡೇ ಎಲ್ಲಕ್ಕಿಂತ ಹೆಚ್ಚು ಸಿಕ್ಕಿಕೊಳ್ಳುವುದು. ಬಿರಿಯಾನಿಯಲ್ಲಿ ಮೆತ್ತನೆಯ ತುಂಡು ಆರಿಸಿಕೊಂಡು ಅನ್ನ ಬಿಡಿ.

ಸಂಜೆಯ ಮಂಡಕ್ಕಿ

ರಾಮ್ ಅಂಡ್ ಕೋ ಸರ್ಕಲ್ ಕಡೆ ಸಂಜೆ ಹೋದವರಿಗೆ ಇದರ ಎಳೆತ ಗೊತ್ತು. ಮಂಡಕ್ಕಿಯಿಂದ ನೋವಾಗುವುದಿಲ್ಲ, ವಾಂತಿಯಾಗುವುದಿಲ್ಲ, ಅಪಾಯ ಇರುವುದೇ ಅಲ್ಲಿ. ಬಾಯಲ್ಲಿ ಕರಗಿ ಸರಸರ ಇಳಿಯುತ್ತದೆ, ಹೊಟ್ಟೆ ತುಂಬಿತು ಅನ್ನಿಸುವುದಿಲ್ಲ, ಮಾತಾಡುತ್ತ ಒಂದು ಗಂಟೆ ತಿನ್ನುತ್ತಲೇ ಇರಬಹುದು. ಎರಡನೇ ವರ್ಷದಲ್ಲಿ ನನ್ನ ತೂಕ ನಾಲ್ಕು ಕೆಜಿ ಮರಳಿ ಬಂದದ್ದು ಹೀಗೆ, ಸಂಜೆಯ ಒಗ್ಗರಣೆ ಮಂಡಕ್ಕಿಯಿಂದ. ಒಂದು ಹಿಡಿ ಮಾತ್ರ ಕಾಗದದ ಮೇಲೆ ಹಾಕಿಸಿಕೊಳ್ಳಿ, "ಶೇಂಗಾ, ಪುಟಾಣಿ ಜಾಸ್ತಿ ಹಾಕ್ರಿ" ಅನ್ನಿ. ಮಿರ್ಚಿ ಬೇಡ.

ಸಿಹಿ

ಸಕ್ಕರೆ ತುಂಬಿದ ಪದಾರ್ಥ ಒಮ್ಮೆಲೇ ಸಣ್ಣ ಕರುಳಿಗೆ ಇಳಿದರೆ ಅದು ಮೈಯ ನೀರನ್ನು ಕರುಳಿನೊಳಕ್ಕೆ ಎಳೆಯುತ್ತದೆ. ಹತ್ತರಿಂದ ಮೂವತ್ತು ನಿಮಿಷದಲ್ಲಿ ಬೆವರು, ಎದೆ ಢವಢವ, ಹೊಟ್ಟೆ ಹಿಂಡುವುದು, ಭೇದಿ. ಇದಕ್ಕೆ ಡಂಪಿಂಗ್ ಅನ್ನುತ್ತಾರೆ. ಬೈಪಾಸ್ ಆದವರಲ್ಲಿ ಹೆಚ್ಚು, ಸ್ಲೀವ್ ಆದವರಿಗೂ ಆಗಬಹುದು. ಇನ್ನೊಂದು ಬಗೆಯದು ಒಂದರಿಂದ ಮೂರು ಗಂಟೆ ಬಿಟ್ಟು ಬರುತ್ತದೆ. ಇನ್ಸುಲಿನ್ ಅತಿಯಾಗಿ ಸುರಿದು ರಕ್ತದ ಸಕ್ಕರೆ ಇಳಿದುಹೋಗುತ್ತದೆ, ಕೈ ನಡುಗುತ್ತದೆ, ಕಣ್ಣು ಕತ್ತಲೆ ಬರುತ್ತದೆ. ಆ ಹೊತ್ತಿಗೆ ನೀವು ಸ್ಕೂಟಿಯ ಮೇಲೆ ಪಿ.ಬಿ. ರೋಡಿನಲ್ಲಿ ಇರಬಾರದು. ಹೀಗೆ ಒಮ್ಮೆ ಆಗಿದ್ದರೂ ಡಾಕ್ಟರಿಗೆ ಹೇಳಿ. ಸಕ್ಕರೆ ಕಾಯಿಲೆಯ ಮಾತ್ರೆ ಅಥವಾ ಇನ್ಸುಲಿನ್ ತಗೊಳ್ಳುವವರು ಅದರ ಪ್ರಮಾಣವನ್ನು ಆಪರೇಷನ್ ಆದಮೇಲೆ ಮತ್ತೆ ನೋಡಿಸಿಕೊಳ್ಳಲೇಬೇಕು.

ಉಪಚಾರವನ್ನು ಎದುರಿಸುವುದು

ನಮ್ಮಲ್ಲಿ ಬಡಿಸುವುದೆಂದರೆ ಪ್ರೀತಿ, ಬೇಡ ಅನ್ನುವುದೆಂದರೆ ಮುನಿಸು. "ಇಷ್ಟೇನಾ? ಸೇರ್ಲಿಲ್ವಾ? ನನ್ ಕೈಯಾರೆ ಒಂದು ಹೋಳಿಗೆ" ಅಂತ ಬರುವ ಹಿರಿಯರಿಗೆ ವೈದ್ಯ ವಿಜ್ಞಾನ ವಿವರಿಸಿ ಪ್ರಯೋಜನವಿಲ್ಲ. ಎಲ್ಲರಿಗೂ ಆಪರೇಷನ್ ವಿಷಯ ಹೇಳಬೇಕೆಂದೂ ಇಲ್ಲ. "ಡಾಕ್ಟರು ಒಮ್ಮೆಗೆ ಇಷ್ಟೇ ಅಂತ ಹೇಳಿದಾರೆ ಅತ್ತೆ, ನೀವು ಡಬ್ಬಿಗೆ ಹಾಕಿಕೊಟ್ಟರೆ ಮನೇಲಿ ತಿಂತೀನಿ" ಅನ್ನಿ. ಡಬ್ಬಿ ಚಾಚಿದರೆ ಅವರ ಪ್ರೀತಿಗೆ ಒಂದು ದಾರಿ ಸಿಗುತ್ತದೆ. ನನಗೆ ಇದು ಕೈಕೊಟ್ಟಿದ್ದಿಲ್ಲ.

ಮದುವೆ ಮನೆಯಲ್ಲಿ ಮೊದಲ ಪಂಕ್ತಿಗೆ ಕೂರಬೇಡಿ, ಅಲ್ಲಿ ಎಲ್ಲರೂ ಒಟ್ಟಿಗೆ ಏಳುವ ಧಾವಂತ. ಕೊನೆಯ ಪಂಕ್ತಿಯಲ್ಲಿ ಮನೆಯವರ ಜೊತೆ ಕೂತರೆ ಯಾರೂ ಎಬ್ಬಿಸುವುದಿಲ್ಲ. ಎಲೆಯ ಮೇಲೆ ಕೈ ಅಡ್ಡ ಹಿಡಿಯುವುದನ್ನು ಬಕೆಟ್ ಬರುವ ಮೊದಲೇ ಮಾಡಿ, ಬಿದ್ದ ಮೇಲೆ ಅಲ್ಲ.

ಮಠದ ದಾಸೋಹದಲ್ಲಿ ಇನ್ನೂ ಸೂಕ್ಷ್ಮ. ಪ್ರಸಾದ ಚೆಲ್ಲಬಾರದು ಅಂತ ಬೆಳೆದವರು ನಾವು. ಸಿರಿಗೆರೆಗೆ ಹೋದಾಗ, ಚಿತ್ರದುರ್ಗದ ಮಠಕ್ಕೆ ಹೋದಾಗ ತಟ್ಟೆಯಲ್ಲಿ ಉಳಿದೀತೆಂಬ ಭಯಕ್ಕೆ ಹೊಟ್ಟೆಗೆ ಹಿಂಸೆ ಕೊಟ್ಟುಕೊಂಡವರನ್ನು ನೋಡಿದ್ದೇನೆ. ತಟ್ಟೆ ಹಿಡಿಯುವಾಗಲೇ "ಒಂದು ಚಮಚ ಸಾಕ್ರಿ" ಅನ್ನಿ, ಪೂರ್ತಿ ಮುಗಿಸಿ ಏಳಿ.

ಎಡವಟ್ಟಾದರೆ

ಸಿಕ್ಕಿಕೊಂಡರೆ ತಿನ್ನುವುದನ್ನು ಆ ಕ್ಷಣ ನಿಲ್ಲಿಸಿ. ನೀರು ಕುಡಿಯಬೇಡಿ. ಎದ್ದು ನೆಟ್ಟಗೆ ನಿಂತು, ನಿಧಾನಕ್ಕೆ ನಾಲ್ಕು ಹೆಜ್ಜೆ ಓಡಾಡಿ, ಉಸಿರು ಸರಾಗ ಬಿಡಿ. ವಾಂತಿ ಬಂದರೆ ತಡೆಯಬೇಡಿ. ಆ ಹೊತ್ತಿನ ಊಟ ಅಲ್ಲಿಗೆ ಸಾಕು, ಹೊಟ್ಟೆ ಶಾಂತವಾದ ಮೇಲೆ ದ್ರವಾಹಾರ. ಡಂಪಿಂಗ್ ಆದರೆ ಕೂತುಕೊಳ್ಳಿ, ಸಾಧ್ಯವಾದರೆ ಮಲಗಿ, ಒಬ್ಬರೇ ಹೊರಡಬೇಡಿ.

ನೀರೂ ನಿಲ್ಲದೆ ದಿನವಿಡೀ ವಾಂತಿಯಾದರೆ, ಅಥವಾ ವಾಂತಿ ದಿನಗಟ್ಟಲೆ ಮರುಕಳಿಸಿದರೆ ಆಪರೇಷನ್ ಮಾಡಿದ ಡಾಕ್ಟರನ್ನು ಕಾಣಲೇಬೇಕು. ಬಿ1 ವಿಟಮಿನ್ ಬೇಗ ಖಾಲಿಯಾಗಿ ನರಗಳಿಗೆ ಪೆಟ್ಟು ಬೀಳುತ್ತದೆ. ತೀವ್ರ ಹೊಟ್ಟೆನೋವು, ಜ್ವರ, ಕೂತಲ್ಲೇ ಎದೆಬಡಿತ ಜೋರಾಗುವುದು, ಕಪ್ಪು ಮಲ ಕಂಡರೆ ಬೆಳಗಾಗಲಿ ಅಂತ ಕಾಯದೆ ಆಸ್ಪತ್ರೆಗೆ ಹೋಗಿ. ಮೈಕೈ ನೋವೆಂದು ಮೆಡಿಕಲ್ ಶಾಪಿನಲ್ಲಿ ಐಬುಪ್ರೊಫೆನ್, ಡೈಕ್ಲೊಫೆನಾಕ್ ಕೇಳಿ ನುಂಗಬೇಡಿ, ಹೊಟ್ಟೆಯಲ್ಲಿ ಹುಣ್ಣಾಗುತ್ತದೆ.

ಮನೆಗೆ ಬಂದ ಮೇಲೆ

ಒಂದು ಚಿಕ್ಕ ನೋಟ್‌ಬುಕ್ ಇಡಿ. ಯಾವ ಹೋಟೆಲು, ಎಷ್ಟು ಹೊತ್ತಿಗೆ ಕೂತಿರಿ, ಎಷ್ಟು ಹೊತ್ತಿಗೆ ಎದ್ದಿರಿ, ಮೊದಲ ತುತ್ತು ಯಾವುದು, ಎಷ್ಟು ತಿಂದಿರಿ, ಆಮೇಲೆ ಹೇಗಿತ್ತು. ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆಗಳ ನಡುವೆ ಎರಡು ಗಂಟೆ ಅಂತರವಿತ್ತೇ, ಕಬ್ಬಿಣದ ಮಾತ್ರೆಯ ಆಸುಪಾಸಿನಲ್ಲಿ ಚಹಾ ಕಾಫಿ ಕುಡಿದಿರಾ ಅನ್ನುವುದನ್ನೂ ಬರೆಯಿರಿ. ನಾಲ್ಕೈದು ಸಲದ ಬರಹ ಒಟ್ಟಾದಾಗ ನಿಮ್ಮ ಹೊಟ್ಟೆ ಯಾವುದಕ್ಕೆ ಒಗ್ಗುತ್ತದೆ ಅಂತ ನಿಮಗೇ ಕಾಣುತ್ತದೆ. ನನ್ನ ಪುಸ್ತಕದಲ್ಲಿ ಚಿತ್ರಾನ್ನದ ಮುಂದೆ ಮೂರು ಸಲ "ನೋವು" ಅಂತಿದೆ, ಜುಣಕದ ಮುಂದೆ ಒಮ್ಮೆಯೂ ಇಲ್ಲ. ನಿಮ್ಮದರಲ್ಲಿ ಬೇರೆಯೇ ಇರಬಹುದು. ಮುಂದಿನ ಚೆಕಪ್‌ಗೆ ಹೋಗುವಾಗ ರಕ್ತ ಪರೀಕ್ಷೆಯ ಚೀಟಿಯ ಜೊತೆ ಆ ನೋಟ್‌ಬುಕ್ಕನ್ನೂ ಡಯೆಟಿಷಿಯನ್ ಕೈಗೆ ಕೊಡಿ.